ಕೊಡದೆ ಉಳಿಸಿದ ಪಾಸು

ಮೂರು ದಿನ ಮಾತನ್ನು ಬಾಯಲ್ಲೇ ಇಟ್ಟುಕೊಂಡು ತಿರುಗಿದೆ.
ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ
ಸೀಬೆಹಣ್ಣು ತೂಗುವವನ ಎದುರು ನಿಂತು
ಒಂದು ಸಲ ಹೊರಗೆ ಬಂದೂಬಿಟ್ಟಿತು:
"ಇನ್ನು ಸಾಕಣ್ಣ."
"ಇನ್ನೂ ಅರ್ಧ ಕೆಜಿ ಆಗಿಲ್ಲ ಸಾರ್" ಅಂದ ಅವನು.

ಗುರುವಾರ, ಹುಡುಗರು ಸೈಕಲ್ಲು ಹತ್ತಿ ಹೋದ ಮೇಲೆ
ಇನ್ನಾಸಿಯಣ್ಣ ಗೋಲಿನ ಬಲೆ ಬಿಚ್ಚುತ್ತಿದ್ದ.
ಅದು ಅವನ ಕೆಲಸವಲ್ಲ.
ಹದಿನೇಳು ವರ್ಷದಿಂದ ಅವನೇ ಬಿಚ್ಚುತ್ತಾನೆ.
ಹಿಂದೆ ಸೈನೈಡ್ ದಿಬ್ಬ,
ಮಲಗಿದ ಎಮ್ಮೆಯ ಬೆನ್ನಿನ ಹಾಗೆ.
ಗಾಳಿ ಎದ್ದರೆ ಅದರ ಪುಡಿ ಹಾರಿ ಬಂದು
ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಮಧ್ಯಾಹ್ನಕ್ಕೆ ಕಾಣುವುದಿಲ್ಲ.
ಕಾಣದಿದ್ದರೂ ಎಲ್ಲಿ ಔಟು ಅಂತ
ಅವನ ಕಾಲಿಗೆ ಗೊತ್ತು.

ಗಣಿ ಮುಚ್ಚಿ ಏಳನೇ ವರ್ಷ ಇರಬೇಕು.
ಬಂಗಾರಪೇಟೆಯಿಂದ ಮಾವನ ಮನೆಗೆ ಬಂದಿದ್ದೆ,
ಚೆಂಡು ಹೆಕ್ಕಿಕೊಡುವ ಹುಡುಗ, ಹನ್ನೊಂದು ವಯಸ್ಸು.
ಸೈರನ್ನು ಕೂಗದಿದ್ದರೂ ಗಂಡಸರೆಲ್ಲ
ಶಿಫ್ಟು ಬಿಡುವ ಹೊತ್ತಿಗೇ ಬಂದು ಗೋಡೆಯ ಮೇಲೆ ಕೂರುತ್ತಿದ್ದರು.
ನಡು ಮೈದಾನದಲ್ಲಿ ಕಡ್ಡಿ ಕಾಲಿನ ಇನ್ನಾಸಿ,
ಚೆಂಡು ಬರುವ ಮೊದಲೇ
ಎಡ ಹೆಗಲ ಮೇಲಿಂದ ಒಮ್ಮೆ, ಬಲ ಹೆಗಲ ಮೇಲಿಂದ ಒಮ್ಮೆ
ಹಿಂದೆ ನೋಡಿಬಿಡುತ್ತಿದ್ದ.
"ಏನು ನೋಡ್ತೀಯಣ್ಣ?"
"ಯಾರ್ ಬರ್ತಾವ್ರೆ ಅಂತ."

ಈಗ ನನ್ನ ಹತ್ತಿರ ಒಂದು ನೋಟುಬುಕ್ಕಿದೆ,
ಲೈಸೆನ್ಸ್ ಕೋರ್ಸಿನಲ್ಲಿ ಹೇಳಿಕೊಟ್ಟ ಹಾಗೆ ಗೆರೆ ಎಳೆದದ್ದು.
ಓಟ. ಪಾಸು. ಕಳೆದುಕೊಂಡದ್ದು.
ಅರವತ್ತನೇ ನಿಮಿಷ ದಾಟಿದರೆ
ಎಂಟನೇ ನಂಬರಿನ ಎದುರಿನ ಮನೆಗಳು ಖಾಲಿ.
ಸುಳ್ಳಲ್ಲ ಅದು.
ಮೊನ್ನೆ ಮಾಲೂರಿನವರ ಎದುರು
ಚೆಂಡು ಅವನ ಪಕ್ಕದಲ್ಲೇ ಹಾದುಹೋಯಿತು;
ಸ್ಟಾಪಿನಲ್ಲಿ ನಿಲ್ಲಿಸದೆ ಹೋದ ಬಸ್ಸನ್ನು ನೋಡುವ ಹಾಗೆ
ನೋಡುತ್ತ ನಿಂತ.

ಹೇಳಿದೆ. ಅಂದುಕೊಂಡ ಹಾಗೆ ಬರಲಿಲ್ಲ.
ವಯಸ್ಸು ಅನ್ನಬಾರದು ಅಂತಿದ್ದೆ,
ಮೊದಲು ಬಂದದ್ದೇ ಅದು.
ಗಂಟು ಬಿಚ್ಚುತ್ತಲೇ ಅಂದ, "ಬುಕ್ಕು ತೋರ್ಸು."
ಬೆರಳಿಟ್ಟು ಓದಿದ,
ಓಟರ್ ಪಟ್ಟಿಯಲ್ಲಿ ಹೆಸರು ಹುಡುಕುವವರ ಹಾಗೆ.
"ಕೊಟ್ಟಿದ್ದೆಲ್ಲ ಬರ್ದಿದೀಯ. ಕೊಡ್ದೆ ಉಳ್ಸಿದ್ದು?
ಮಣಿ ಆಫ್‌ಸೈಡಲ್ಲಿ ನಿಂತು ಕೂಗ್ತಿದ್ದ, ನಾನು ಕೊಡ್ಲಿಲ್ಲ.
ಅದೆಲ್ಲಿ ಬರ್ದೆ?"

ಬೆಂಚಲ್ಲಿ ಕೂರು, ಹುಡುಗರಿಗೆ ಹೇಳಿಕೊಡು ಅಂದೆ.
"ಬೆಂಚಿನ ಕೆಲ್ಸ ನಿಂದು."
ಕೋಪವೋ ತಮಾಷೆಯೋ.
ಆಮೇಲೆ ತಮಿಳಿನಲ್ಲಿ ಏನೋ ಅಂದ,
ನನಗಲ್ಲ, ಬಲೆಗೆ.
ಮಡಿಸಿ ತಂದು ನನ್ನ ತೋಳಿಗೆ ಹಾಕಿದ;
ಅದು ಅಷ್ಟು ಭಾರ ಅಂತ ನನಗೆ ಗೊತ್ತಿರಲಿಲ್ಲ.
ಗೇಟಿನವರೆಗೂ ನಡೆದ.
ಎಡ ಹೆಗಲ ಮೇಲಿಂದಲೂ ನೋಡಲಿಲ್ಲ,
ಬಲ ಹೆಗಲ ಮೇಲಿಂದಲೂ.

ಭಾನುವಾರ ಗೆದ್ದೆವು, ಎರಡು ಒಂದು.
ಎಂಟನೇ ನಂಬರಿನ ಅಂಗಿ ಸಗಾಯನಿಗೆ ಮೊಣಕಾಲು ಮುಟ್ಟುತ್ತಿತ್ತು.
ತೊಂಬತ್ತು ನಿಮಿಷ ಓಡಿದ ಹುಡುಗ. ಮನೆಗಳೆಲ್ಲ ತುಂಬಿದವು.
ಗೆದ್ದದ್ದಕ್ಕೆ ಎಲ್ಲರಿಗೂ ಪರೋಟ ಕೊಡಿಸಿದೆ.

ಆಟದ ನಡುವೆ ಒಂದೇ ಒಂದು ಸಲ
ನಮ್ಮ ಸ್ಟಾಪರ್ ತಲೆ ಎತ್ತದೆ
ನಡುವೃತ್ತದ ಎಡಕ್ಕೆ ಚೆಂಡು ತಳ್ಳಿದ, ರೂಢಿಯಿಂದ.
ಅಲ್ಲಿ ಯಾರೂ ಇರಲಿಲ್ಲ.
ಚೆಂಡು ಇಷ್ಟು ದೂರ ಉರುಳಿ ತಾನೇ ನಿಂತಿತು.
ಎರಡೂ ಕಡೆಯವರು ಅರೆಗಳಿಗೆ
ಅದನ್ನೇ ನೋಡಿದರು.

ರಾತ್ರಿ ನೋಟುಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದೆ.
ಮೇಲೆ ಏನು ಬರೆಯಬೇಕೋ ತಿಳಿಯಲಿಲ್ಲ.
ಬಲೆ ಇನ್ನೂ ಸ್ಕೂಟರಿನ ಮೇಲೇ ಇದೆ.
ಹೇಗೆ ಮಡಿಸಿದರೂ
ಚೀಲದೊಳಗೆ ಹಿಡಿಯುತ್ತಿಲ್ಲ.